ಮನೆಯಂಗಳದ ತೆಂಗಿಗೆ ಗಾಯವೇಕೆ?

ನಂದಿನಿ ಲೇಔಟಿನಲ್ಲಿ ಅಂಗಳದ ತೆಂಗು ಒಣಗಿದರೆ ನಾವು ಮೊದಲು ದೂಷಿಸುವುದು ಬತ್ತಿದ ಬೋರ್‌ವೆಲ್ಲನ್ನು. ನಮ್ಮ ಕೈಯ ಮಚ್ಚಿನ ಮೇಲೆ ಯಾರಿಗೂ ಸಂಶಯ ಬಾರದು! ಹತ್ತಲು ಅನುಕೂಲವಾಗಲೆಂದು ಕಾಂಡದಲ್ಲಿ ಮೆಟ್ಟಿಲು ಕಡಿಸುತ್ತೇವೆ. ಹಸಿಮಟ್ಟೆಗಳನ್ನು ಬುಡದವರೆಗೂ ಸವರಿಸುತ್ತೇವೆ. ಆ ಹಸಿಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮರಿಹುಳುಗಳು ಒಳಗಿನ ಮೆದುಭಾಗವನ್ನು ತಿನ್ನುತ್ತವೆ. ಕಾಂಡದ ತೂತಿನಿಂದ ಕಂದುರಸವೂ ಜಗಿದ ನಾರೂ ಹೊರಬರುವ ಹೊತ್ತಿಗೆ ಮರ ಉಳಿಯುವುದು ಕಷ್ಟ. ಸುಳಿ ಕೊರೆಯುವ ಕೊಂಬಿನ ಕರಿದುಂಬಿಯೂ ಇದಕ್ಕೆ ದಾರಿ ಮಾಡಿಕೊಡುತ್ತದೆ; ಅದು ಹುಟ್ಟಿ ಬೆಳೆಯುವುದು ನಾವೇ ಮೂಲೆಯಲ್ಲಿ ಗುಡ್ಡೆಹಾಕಿದ ಗೊಬ್ಬರದಲ್ಲಿ. ಗರಿಗಳು ಕತ್ತರಿಸಿದಂತೆ ತ್ರಿಕೋನವಾಗಿ ಕಂಡರೆ ಅದೇ ಗುರುತು. ಆಗ ಸುಳಿಯ ಸುತ್ತಲ ಮಟ್ಟೆಸಂದುಗಳಿಗೆ ಬೇವಿನ ಹಿಂಡಿಯನ್ನು ಮರಳಿನೊಡನೆ ಬೆರೆಸಿ ತುಂಬಿಸಬೇಕು. ಹಸಿಮಟ್ಟೆ ಕಡಿಯಲೇಬೇಕಾದರೆ ಸುಮಾರು 4 ಅಡಿ ಉಳಿಸಿ ಕಡಿಯಬೇಕು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದಿಂದ ಮರವೇರುವ ತರಬೇತಿಯನ್ನು ಆರಂಭಿಸಿತು. ಹಾಗೆ ಕಲಿತವರನ್ನು ಕರೆಸಿದರೆ ಕಾಂಡದಲ್ಲಿ ಮೆಟ್ಟಿಲೇ ಬೇಕಿಲ್ಲ.