ಗ್ರಾಮ ಪಂಚಾಯತಿ ಗಣಕಯಂತ್ರಗಳ ನಿರ್ವಹಣೆ: ಉಚಿತ ತಂತ್ರಾಂಶಗಳ ಬಳಕೆಯಲ್ಲಿ ವಹಿಸಬೇಕಾದ ಎಚ್ಚರ

ಗ್ರಾಮ ಪಂಚಾಯತಿ ಕಚೇರಿಯ ಬಹುಪಾಲು ಕೆಲಸಗಳು ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಬಿ, ಪಂಚತಂತ್ರದಲ್ಲಿ ತೆರಿಗೆಯ ಬೇಡಿಕೆ ಮತ್ತು ವಸೂಲಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಉದ್ಯೋಗ ಖಾತರಿ ಕಾಮಗಾರಿಗಳ ವಿವರ ಇವೆಲ್ಲವೂ ಒಂದೆರಡು ಯಂತ್ರಗಳನ್ನೇ ಅವಲಂಬಿಸಿವೆ. ಆ ಯಂತ್ರ ನಿಧಾನವಾದರೆ ಕೂಲಿ ಬಿಟ್ಟು ಕಚೇರಿಗೆ ಬಂದ ಗ್ರಾಮಸ್ಥರು "ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗಬೇಕಾಗುತ್ತದೆ. ಯಂತ್ರ ಹಳೆಯದಾಯಿತೆಂದು ಹೊಸದನ್ನು ಖರೀದಿಸುವ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಅನೇಕ ಸಂದರ್ಭಗಳಲ್ಲಿ ಖರೀದಿಯ ಅಗತ್ಯವೇ ಇರುವುದಿಲ್ಲ; ಒಂದು ಗಂಟೆಯ ಶುಚಿಗೊಳಿಸುವಿಕೆಯಿಂದ ಯಂತ್ರ ಮತ್ತೆ ಸುಸ್ಥಿತಿಗೆ ಬರುತ್ತದೆ. ಆದರೆ ಅದೇ ಒಂದು ಗಂಟೆಯಲ್ಲಿ, ಅಜಾಗರೂಕತೆಯಿಂದ, ವರ್ಷಗಳ ದಾಖಲೆ ಅಳಿಸಿಹೋಗಲೂಬಹುದು. ಈ ಎರಡೂ ಸಾಧ್ಯತೆಗಳನ್ನು ಮಾನ್ಯ ಸದಸ್ಯರು ತಿಳಿದಿರುವುದು ಅಗತ್ಯ.

ಯಂತ್ರ ನಿಧಾನವಾಗುವುದೇಕೆ

ಗಣಕಯಂತ್ರ ನಿಧಾನವಾಗಲು ಸಾಮಾನ್ಯವಾಗಿ ನಾಲ್ಕು ಕಾರಣಗಳಿವೆ. ವಿಂಡೋಸ್ ಇರುವ ಸಿ ಡ್ರೈವ್ ತುಂಬಿಹೋಗಿರುವುದು ಮೊದಲನೆಯದು. ಅದರಲ್ಲಿ ಹತ್ತರಲ್ಲೊಂದು ಭಾಗವಾದರೂ ಖಾಲಿ ಇರುವುದು ಒಳ್ಳೆಯದು. ಯಂತ್ರ ಚಾಲೂ ಆದೊಡನೆ ತಾವಾಗಿಯೇ ತೆರೆದುಕೊಳ್ಳುವ ಅನಗತ್ಯ ತಂತ್ರಾಂಶಗಳು ಎರಡನೆಯ ಕಾರಣ. ಪೆನ್‌ಡ್ರೈವ್ ಅಥವಾ ಅಂತರಜಾಲದ ಮೂಲಕ ಸೇರಿಕೊಂಡ ವೈರಸ್ ಮೂರನೆಯದು. ಹಾರ್ಡ್‌ಡಿಸ್ಕ್ ಸವೆದಿರುವುದು ಅಥವಾ ಮೆಮೊರಿ ಸಾಲದಿರುವುದು ನಾಲ್ಕನೆಯದು. ಮೊದಲ ಮೂರು ತೊಂದರೆಗಳಿಗೆ ಹಣ ಖರ್ಚಿಲ್ಲದೆ ಪರಿಹಾರವಿದೆ. ನಾಲ್ಕನೆಯದಕ್ಕೆ ಯಾವ ಶುಚಿಗೊಳಿಸುವ ತಂತ್ರಾಂಶವೂ ಪರಿಹಾರವಲ್ಲ. ಆದ್ದರಿಂದ ಕಾರಣವನ್ನು ಗುರುತಿಸದೆ ಪರಿಹಾರಕ್ಕೆ ಕೈಹಾಕುವುದು ಸೂಕ್ತವಲ್ಲ.

ಮೊದಲು ಪ್ರತಿ, ಅನಂತರ ಶುಚಿ

ಇ-ಸ್ವತ್ತು ಮತ್ತು ಪಂಚತಂತ್ರದಲ್ಲಿ ದಾಖಲಿಸಿದ ಮಾಹಿತಿ ಸರ್ಕಾರದ ಸರ್ವರ್‌ನಲ್ಲಿ ಇರುತ್ತದೆ. ಕಚೇರಿಯ ಯಂತ್ರ ಕೆಟ್ಟರೂ ಅದು ಉಳಿಯುತ್ತದೆ. ಆದರೆ ಸಭಾ ನಡವಳಿಗಳ ಬೆರಳಚ್ಚು ಪ್ರತಿ, ಹಳೆಯ ರಿಜಿಸ್ಟರುಗಳ ಸ್ಕ್ಯಾನ್, ಕಾಮಗಾರಿಗಳ ಅಂದಾಜು ಪಟ್ಟಿ, ಸ್ಥಳದ ಛಾಯಾಚಿತ್ರಗಳು, ಪತ್ರ ವ್ಯವಹಾರ ಮುಂತಾದವು ಸಾಮಾನ್ಯವಾಗಿ ಆ ಯಂತ್ರದಲ್ಲಿ ಮಾತ್ರ ಇರುತ್ತವೆ. ಅವು ಅಳಿದರೆ ಮರಳಿ ಪಡೆಯುವ ದಾರಿ ಕಷ್ಟ. ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಕ್ರಮಬದ್ಧವಾಗಿ ಪಟ್ಟಿಮಾಡಿ ನಿರ್ವಹಿಸಬೇಕೆಂದು ವಿಧಿಸುತ್ತದೆ. ನಾಗರಿಕರೊಬ್ಬರು ಕೇಳಿದ ದಾಖಲೆಗೆ "ಗಣಕಯಂತ್ರ ಶುಚಿಗೊಳಿಸುವಾಗ ಹೋಯಿತು" ಎಂಬುದು ಸಮಾಧಾನಕರ ಉತ್ತರವಾಗಲಾರದು.

ಆದ್ದರಿಂದ ಯಾವುದೇ ಶುಚಿಗೊಳಿಸುವಿಕೆಗೆ ಮುನ್ನ ದಾಖಲೆಗಳ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ತೆಗೆಯತಕ್ಕದ್ದು. ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿ ಬೀಗ ಹಾಕಿ ಇಡತಕ್ಕದ್ದು. ಸದಾ ಯಂತ್ರಕ್ಕೆ ಜೋಡಿಸಿಯೇ ಇಟ್ಟ ಡಿಸ್ಕಿಗೂ ವೈರಸ್ ತಗಲುತ್ತದೆ. ಪ್ರತಿ ತೆಗೆದ ಮೇಲೆ ಅದರಿಂದ ನಾಲ್ಕಾರು ಕಡತಗಳನ್ನು ತೆರೆದು, ಸರಿಯಾಗಿ ತೆರೆಯುತ್ತವೆಯೇ ಎಂದು ಪರೀಕ್ಷಿಸುವುದೂ ಅಷ್ಟೇ ಮುಖ್ಯ.

ವಿಂಡೋಸ್‌ನಲ್ಲಿಯೇ ಇರುವ ಸಾಧನಗಳು

ಹೊರಗಿನಿಂದ ತಂತ್ರಾಂಶ ತರುವ ಮುನ್ನ ವಿಂಡೋಸ್‌ನಲ್ಲಿ ಈಗಾಗಲೇ ಇರುವ ಸೌಲಭ್ಯಗಳನ್ನು ಬಳಸುವುದು ಲೇಸು. ಇವುಗಳಿಗೆ ಪ್ರತ್ಯೇಕ ಶುಲ್ಕವಿಲ್ಲ.

ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗವು ಯಾವ ಬಗೆಯ ಕಡತ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುತ್ತದೆ. ಅಲ್ಲಿನ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ತಾತ್ಕಾಲಿಕ ಕಡತಗಳು, ಹಳೆಯ ಅಪ್‌ಡೇಟ್‌ಗಳ ಉಳಿಕೆ, ರಿಸೈಕಲ್ ಬಿನ್ ಮುಂತಾದವನ್ನು ಗುರುತು ಹಾಕಿ ಅಳಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ: ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಹೆಸರೂ ಇರುತ್ತದೆ. ಜಾಲತಾಣಗಳಿಂದ ಇಳಿಸಿಕೊಂಡ ಪ್ರಮಾಣಪತ್ರ, ಆದೇಶ, ಪಟ್ಟಿಗಳೆಲ್ಲ ಸಾಮಾನ್ಯವಾಗಿ ಆ ಫೋಲ್ಡರ್‌ನಲ್ಲೇ ಸೇರಿರುತ್ತವೆ. ಅದರ ಮುಂದೆ ಗುರುತು ಹಾಕಿದರೆ ಕಸದ ಜೊತೆಗೆ ಕಡತವೂ ಹೋಗುತ್ತದೆ. ಡೌನ್‌ಲೋಡ್ಸ್ ಫೋಲ್ಡರನ್ನು ಕೈಯಾರೆ ತೆರೆದು, ಬೇಕಾದುದನ್ನು ವಿಷಯವಾರು ಫೋಲ್ಡರ್‌ಗಳಿಗೆ ಸಾಗಿಸಿದ ಬಳಿಕವೇ ಉಳಿದುದನ್ನು ಅಳಿಸಬೇಕು.

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ವಿಭಾಗದಲ್ಲಿ ಯಂತ್ರದೊಂದಿಗೇ ಆರಂಭವಾಗುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಬೇಡವಾದುದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸಬಹುದು. ಇದರಿಂದ ತಂತ್ರಾಂಶ ಅಳಿಯುವುದಿಲ್ಲ. ಬೇಕೆನಿಸಿದರೆ ಮತ್ತೆ ಸಕ್ರಿಯಗೊಳಿಸಬಹುದು. ವೈರಸ್ ತಡೆಗೆ ಮೈಕ್ರೋಸಾಫ್ಟ್ ಡಿಫೆಂಡರ್ ವಿಂಡೋಸ್ 10 ಮತ್ತು 11ರಲ್ಲಿ ಅಂತರ್ಗತವಾಗಿದೆ. ಅದು ಚಾಲನೆಯಲ್ಲಿದೆಯೇ, ಅದರ ಅಪ್‌ಡೇಟ್ ಎಂದಿನದು ಎಂಬುದನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಎರಡು ವೈರಸ್ ನಿರೋಧಕಗಳನ್ನು ಒಟ್ಟಿಗೆ ಚಾಲನೆಯಲ್ಲಿಟ್ಟರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಒಂದಕ್ಕೊಂದು ಅಡ್ಡಿಯಾಗಿ ಯಂತ್ರ ಇನ್ನಷ್ಟು ಕುಂಟುತ್ತದೆ.

"ಉಚಿತ" ಎಂಬ ಪದದ ಅರ್ಥ

ಅಂತರಜಾಲದಲ್ಲಿ ದೊರೆಯುವ ಉಚಿತ ತಂತ್ರಾಂಶಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಮುಕ್ತ ತಂತ್ರಾಂಶಗಳು. ಅವುಗಳನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೂ ಬಳಸಬಹುದು, ಅವುಗಳ ಮೂಲ ಸಂಕೇತವನ್ನು ಯಾರೂ ಪರಿಶೀಲಿಸಬಹುದು. ಇನ್ನು ಕೆಲವು ಮನೆಬಳಕೆಗೆ ಮಾತ್ರ ಉಚಿತ. ಕಚೇರಿಯಲ್ಲಿ ಬಳಸಲು ಪರವಾನಗಿ ಖರೀದಿಸಬೇಕು. ಬಹಳ ಜನಪ್ರಿಯವಾದ ಸಿಕ್ಲೀನರ್ ತಂತ್ರಾಂಶದ ಉಚಿತ ಆವೃತ್ತಿ ಈ ಎರಡನೆಯ ಗುಂಪಿಗೆ ಸೇರಿದೆ. ಸದಸ್ಯರು ತಮ್ಮ ಮನೆಯ ಯಂತ್ರದಲ್ಲಿ ಅದನ್ನು ಬಳಸಬಹುದಾದರೂ ಪಂಚಾಯತಿ ಕಚೇರಿಯಲ್ಲಿ ಬಳಸಿದರೆ ಪರವಾನಗಿ ಷರತ್ತಿನ ಉಲ್ಲಂಘನೆಯಾಗುತ್ತದೆ. ಮೂರನೆಯ ಬಗೆಯವು ಪರೀಕ್ಷೆಯನ್ನಷ್ಟೇ ಉಚಿತವಾಗಿ ಮಾಡಿ, ನೂರಾರು ದೋಷಗಳಿವೆಯೆಂದು ಹೆದರಿಸಿ, ಸರಿಪಡಿಸಲು ಹಣ ಕೇಳುವಂಥವು. ಇವುಗಳಿಂದ ದೂರವಿರುವುದೇ ಕ್ಷೇಮ.

ಕಚೇರಿಯಲ್ಲಿ ಬಳಸಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಕೆಲವನ್ನು ಇಲ್ಲಿ ಹೆಸರಿಸಲಾಗಿದೆ.

1. ಬ್ಲೀಚ್‌ಬಿಟ್: ತಾತ್ಕಾಲಿಕ ಕಡತಗಳು ಹಾಗೂ ಬ್ರೌಸರ್‌ನ ಉಳಿಕೆಗಳನ್ನು ಅಳಿಸುತ್ತದೆ. ಅಳಿಸುವ ಮುನ್ನ ಏನೇನು ಹೋಗುತ್ತದೆ ಎಂಬ ಮುನ್ನೋಟ ನೀಡುತ್ತದೆ. ಆ ಮುನ್ನೋಟವನ್ನು ಓದದೆ ಮುಂದುವರಿಯಬಾರದು. ಪಾಸ್‌ವರ್ಡ್‌ಗಳಿಗೆ ಸಂಬಂಧಿಸಿದ ಆಯ್ಕೆಯನ್ನು ಗುರುತಿಸಿದರೆ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಅಳಿಯುತ್ತವೆ.

2. ವಿನ್‌ಡರ್‌ಸ್ಟ್ಯಾಟ್: ಡಿಸ್ಕಿನಲ್ಲಿ ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಎಂದೋ ನಕಲಿಸಿ ಮರೆತ ವಿಡಿಯೋಗಳು ಇದರಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತವೆ.

3. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ: ಹಾರ್ಡ್‌ಡಿಸ್ಕಿನ ಆರೋಗ್ಯವನ್ನು ತಿಳಿಸುತ್ತದೆ. ನೀಲಿ ಬಣ್ಣ ಸುಸ್ಥಿತಿಯನ್ನು, ಹಳದಿ ಎಚ್ಚರಿಕೆಯನ್ನು, ಕೆಂಪು ಅಪಾಯವನ್ನು ಸೂಚಿಸುತ್ತದೆ. ಹಳದಿ ಕಂಡ ದಿನವೇ ದಾಖಲೆಗಳ ಪ್ರತಿ ತೆಗೆಯಬೇಕು.

4. ಸೆವೆನ್-ಜಿಪ್: ಹಳೆಯ ಕಡತಗಳನ್ನು ಕುಗ್ಗಿಸಿ ಒಂದೇ ಕಟ್ಟಾಗಿ ಇಡಲು, ಅದಕ್ಕೆ ಪಾಸ್‌ವರ್ಡ್ ಹಾಕಲು ನೆರವಾಗುತ್ತದೆ.

ಇವುಗಳನ್ನು ಆಯಾ ತಂತ್ರಾಂಶದ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ಹುಡುಕಾಟದಲ್ಲಿ ಮೇಲೆ ಕಾಣುವ ಮೊದಲ ಕೊಂಡಿ ಅನೇಕ ವೇಳೆ ಜಾಹೀರಾತಾಗಿರುತ್ತದೆ.

2017ರ ಒಂದು ಪಾಠ

ಅಧಿಕೃತ ಮೂಲದಿಂದ ಪಡೆದರೂ ಎಚ್ಚರ ಬೇಕೆಂಬುದಕ್ಕೆ 2017ರ ಘಟನೆ ನಿದರ್ಶನ. ಆ ವರ್ಷದ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಸಿಕ್ಲೀನರ್ ತಂತ್ರಾಂಶದ 5.33ನೇ ಆವೃತ್ತಿಯಲ್ಲಿ ದುಷ್ಕರ್ಮಿಗಳು ಸೇರಿಸಿದ್ದ ಕುತಂತ್ರಾಂಶವು ಕಂಪನಿಯದೇ ಸರ್ವರ್ ಮೂಲಕ ವಿತರಣೆಯಾಯಿತು. ಸುಮಾರು 22.7 ಲಕ್ಷ ಯಂತ್ರಗಳಲ್ಲಿ ಆ ಆವೃತ್ತಿ ಇತ್ತು. ಶುಚಿಗೊಳಿಸಲೆಂದು ತಂದ ಸಾಧನವೇ ಕಳ್ಳನಿಗೆ ಬಾಗಿಲಾಯಿತು. ಯಂತ್ರದಲ್ಲಿ ಇಂತಹ ಸಾಧನಗಳ ಸಂಖ್ಯೆ ಕಡಿಮೆ ಇದ್ದಷ್ಟೂ ಅಪಾಯ ಕಡಿಮೆ. ಇರುವುದನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿರಬೇಕು. ಕೆಲಸ ಮುಗಿದ ಮೇಲೆ ಬೇಡವಾದುದನ್ನು ತೆಗೆದುಹಾಕಬೇಕು.

ವಿಂಡೋಸ್‌ನ ರಿಜಿಸ್ಟ್ರಿಯನ್ನು ಶುಚಿಗೊಳಿಸುವುದಾಗಿ ಹೇಳಿಕೊಳ್ಳುವ ಸಾಧನಗಳನ್ನು ಬಳಸಲೇಬಾರದು. ರಿಜಿಸ್ಟ್ರಿಯೆಂದರೆ ಯಂತ್ರದ ಎಲ್ಲ ವ್ಯವಸ್ಥೆಗಳ ಮೂಲ ದಾಖಲೆ ಪುಸ್ತಕ. ಅದರಲ್ಲಿ ಕೆಲವು ಹಳೆಯ ನಮೂದುಗಳು ಉಳಿದಿದ್ದರೂ ವೇಗಕ್ಕೆ ಹೇಳಿಕೊಳ್ಳುವಷ್ಟು ಧಕ್ಕೆಯಿಲ್ಲ. ತಪ್ಪು ನಮೂದು ಅಳಿದರೆ ಮಾತ್ರ ಯಂತ್ರವೇ ಚಾಲೂ ಆಗದಿರಬಹುದು. ಇಂತಹ ಸಾಧನಗಳ ಬಳಕೆಯನ್ನು ಮೈಕ್ರೋಸಾಫ್ಟ್ ಸಹ ಬೆಂಬಲಿಸುವುದಿಲ್ಲ.

ಪಂಚಾಯತಿ ಕಚೇರಿಗೆ ವಿಶೇಷವಾದ ಎರಡು ಅಂಶಗಳು

ಮೊದಲನೆಯದು ಕನ್ನಡದ ಅಕ್ಷರ ವಿನ್ಯಾಸಗಳು. ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ನಡವಳಿಗಳು ಆ ಫಾಂಟ್ ಇದ್ದರೆ ಮಾತ್ರ ಓದಲು ಬರುತ್ತವೆ. ಅನಗತ್ಯವೆಂದು ಅದನ್ನು ತೆಗೆದುಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ದಾಖಲೆ ನಾಶವಾಯಿತೆಂದು ಆಗ ಗಾಬರಿಯಾಗಬೇಕಿಲ್ಲ. ಫಾಂಟನ್ನು ಮರುಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ಹೊಸ ದಾಖಲೆಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಿದರೆ ಈ ತೊಡಕಿರುವುದಿಲ್ಲ.

ಎರಡನೆಯದು ಡಿಜಿಟಲ್ ಸಹಿ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸಹಿಯ ಟೋಕನ್ ಕೆಲಸ ಮಾಡಲು ಅದಕ್ಕೆ ಸಂಬಂಧಿಸಿದ ತಂತ್ರಾಂಶ ಯಂತ್ರದಲ್ಲಿರಬೇಕು. ಪರಿಚಯವಿಲ್ಲದ ಹೆಸರೆಂದು ಅದನ್ನು ತೆಗೆದರೆ ಸಹಿ ನಿಂತು, ಅರ್ಜಿಗಳು ಬಾಕಿ ಉಳಿಯುತ್ತವೆ. ಶುಚಿಗೊಳಿಸುವ ವೇಳೆ ಟೋಕನ್ ಯಂತ್ರದಲ್ಲಿ ಇರಕೂಡದು. ಅದು ಅಧಿಕಾರಿಯವರ ವಶದಲ್ಲೇ ಇರತಕ್ಕದ್ದು. ದುರಸ್ತಿಯ ನೆಪದಲ್ಲಿ ಅಪರಿಚಿತರು ದೂರವಾಣಿ ಕರೆ ಮಾಡಿ, ದೂರದಿಂದಲೇ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶ ಹಾಕಿಕೊಳ್ಳಲು ಹೇಳಿದರೆ ಒಪ್ಪಕೂಡದು. ಹಣ ಕಳೆದುಕೊಂಡ ಪ್ರಸಂಗದಲ್ಲಿ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಸರ್ಕಾರದ ಉಚಿತ ನೆರವು

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಇದರ ಜಾಲತಾಣದಲ್ಲಿ ಕುತಂತ್ರಾಂಶಗಳನ್ನು ಪತ್ತೆಮಾಡಿ ತೆಗೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪೆನ್‌ಡ್ರೈವ್‌ಗಳ ಬಳಕೆಯನ್ನು ನಿಯಂತ್ರಿಸಲು ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ್ ಎಂಬ ಸಾಧನವನ್ನೂ ಈ ಕೇಂದ್ರ ಪರಿಚಯಿಸಿದೆ. ಜೆರಾಕ್ಸ್ ಅಂಗಡಿಗೂ ಕಚೇರಿಗೂ ಒಂದೇ ಪೆನ್‌ಡ್ರೈವ್ ಓಡಾಡುವ ರೂಢಿ ಇರುವೆಡೆ ಈ ಎಚ್ಚರ ಬಹಳ ಮುಖ್ಯ.

ತಂತ್ರಾಂಶದಿಂದ ಆಗದ ಕೆಲಸ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಭದ್ರತಾ ಅಪ್‌ಡೇಟ್ ಬಾರದ ಯಂತ್ರವನ್ನು ಎಷ್ಟು ಶುಚಿಗೊಳಿಸಿದರೂ ಅದು ಸುರಕ್ಷಿತವಾಗದು. ಇಂತಹ ಯಂತ್ರವನ್ನು ಮೇಲ್ದರ್ಜೆಗೇರಿಸಲು ಸಾಧ್ಯವೇ ಎಂದು ಮೊದಲು ಪರಿಶೀಲಿಸಬೇಕು. ಹಳೆಯ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಅಳವಡಿಸಿದರೆ ವೇಗದಲ್ಲಿ ಕಾಣುವ ವ್ಯತ್ಯಾಸ ಯಾವ ಶುಚಿ ತಂತ್ರಾಂಶದಿಂದಲೂ ಬಾರದು. ಹೊಸ ಯಂತ್ರಕ್ಕಿಂತ ಇದರ ವೆಚ್ಚವೂ ಬಹಳ ಕಡಿಮೆ. ವಿದ್ಯುತ್ ಹಠಾತ್ತನೆ ಕಡಿತವಾಗುವ ಗ್ರಾಮಗಳಲ್ಲಿ ಯುಪಿಎಸ್ ಬ್ಯಾಟರಿ ಸುಸ್ಥಿತಿಯಲ್ಲಿರುವುದು, ಯಂತ್ರದ ಫ್ಯಾನಿನ ಧೂಳನ್ನು ಕಾಲಕಾಲಕ್ಕೆ ತೆಗೆಯುವುದು ಸಹ ನಿರ್ವಹಣೆಯ ಭಾಗವೇ.

ಹಳೆಯ ಯಂತ್ರ ವಿಲೇವಾರಿ ಮಾಡುವಾಗ ಕಡತ ಅಳಿಸಿದರಷ್ಟೇ ಸಾಲದು. ಡಿಲೀಟ್ ಮಾಡುವುದೆಂದರೆ ರಿಜಿಸ್ಟರಿನ ಪರಿವಿಡಿಯಲ್ಲಿ ಹೆಸರು ಹೊಡೆದುಹಾಕಿದಂತೆ. ಒಳಗಿನ ಹಾಳೆ ಹಾಗೆಯೇ ಇರುತ್ತದೆ. ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ವಿವರ ಗುಜರಿ ಅಂಗಡಿ ಸೇರದಂತೆ ಡಿಸ್ಕನ್ನು ಪೂರ್ಣವಾಗಿ ಅಳಿಸಿ, ಅಥವಾ ಹೊರತೆಗೆದು ನಾಶಪಡಿಸಿ, ಉಳಿದ ಭಾಗವನ್ನು ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಪ್ರಕಾರ ನೋಂದಾಯಿತ ಸಂಸ್ಥೆಗೆ ಒಪ್ಪಿಸುವುದು ಸೂಕ್ತ.

ಸಭೆಯಲ್ಲಿ ಸದಸ್ಯರು ಕೇಳಬಹುದಾದ ಪ್ರಶ್ನೆಗಳು

1. ದಾಖಲೆಗಳ ಪ್ರತಿಯನ್ನು ಕೊನೆಯ ಬಾರಿ ತೆಗೆದ ದಿನಾಂಕ ಯಾವುದು? ಅದು ಯಾರ ವಶದಲ್ಲಿದೆ? ತೆರೆದು ಪರೀಕ್ಷಿಸಲಾಗಿದೆಯೇ?
2. ಯಂತ್ರದಲ್ಲಿರುವ ವಿಂಡೋಸ್ ಆವೃತ್ತಿ ಯಾವುದು? ಭದ್ರತಾ ಅಪ್‌ಡೇಟ್ ಬರುತ್ತಿದೆಯೇ?
3. ಯಂತ್ರದಲ್ಲಿರುವ ಉಚಿತ ತಂತ್ರಾಂಶಗಳು ಯಾವುವು? ಕಚೇರಿ ಬಳಕೆಗೆ ಅವುಗಳ ಪರವಾನಗಿ ಅವಕಾಶ ನೀಡುತ್ತದೆಯೇ?
4. ಹಾರ್ಡ್‌ಡಿಸ್ಕಿನ ಸ್ಥಿತಿ ನೀಲಿಯೇ, ಹಳದಿಯೇ, ಕೆಂಪೇ?
5. ಹೊಸ ಯಂತ್ರದ ಪ್ರಸ್ತಾವನೆ ಬಂದಿದ್ದರೆ, ಎಸ್‌ಎಸ್‌ಡಿ ಅಥವಾ ಮೆಮೊರಿ ಹೆಚ್ಚಳದ ಅಂದಾಜು ವೆಚ್ಚವನ್ನು ಹೋಲಿಸಿ ನೋಡಲಾಗಿದೆಯೇ?

ಈ ಪ್ರಶ್ನೆಗಳಿಗೆ ತಾಂತ್ರಿಕ ಪಾಂಡಿತ್ಯ ಬೇಕಿಲ್ಲ. ಉತ್ತರಗಳನ್ನು ಒಂದು ಸಣ್ಣ ನಿರ್ವಹಣಾ ವಹಿಯಲ್ಲಿ ತಿಂಗಳಿಗೊಮ್ಮೆ ದಿನಾಂಕ ಸಹಿತ ನಮೂದಿಸಿದರೆ, ಡಾಟಾ ಎಂಟ್ರಿ ಆಪರೇಟರ್ ಬದಲಾದರೂ ಕ್ರಮ ಮುಂದುವರಿಯುತ್ತದೆ. ಮಾರ್ಚ್ ಅಂತ್ಯದ ಲೆಕ್ಕದ ಒತ್ತಡ ಆರಂಭವಾಗುವ ಮುನ್ನವೇ ಮೊದಲ ಪ್ರತಿ ಬೀರುವಿನೊಳಗೆ ಸೇರಿರುವಂತೆ ಸದಸ್ಯರು ನೋಡಿಕೊಳ್ಳುವುದು.