ಅಣು ವಿದ್ಯುತ್ತಿನಲ್ಲಿ ಹಣ ಹಾಕುವ ಮುನ್ನ ನಿಯಂತ್ರಕರನ್ನು ನೋಡಿ

ಯುರೋಪಿನ ಅಣು ವಿದ್ಯುತ್ ಕಂಪನಿಗಳಲ್ಲಿ ಹೂಡಿಕೆ ಮಾಡಬಹುದಾ ಅಂತ ಸ್ನೇಹಿತರು ಕೇಳುತ್ತಿರುತ್ತಾರೆ. ಬ್ಯಾಲೆನ್ಸ್ ಶೀಟ್ ತೆರೆಯುವ ಮೊದಲು ನಾನು ನೋಡುವುದು ಒಂದೇ: ರಿಯಾಕ್ಟರ್ ನಿಲ್ಲಿಸಿ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ?

ಐರೋಪ್ಯ ಒಕ್ಕೂಟದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಣುಶಕ್ತಿಯದು. ಆದರೆ ಇಡೀ ಒಕ್ಕೂಟಕ್ಕೆ ಒಬ್ಬ ನಿಯಂತ್ರಕರಿಲ್ಲ. 2009ರ ಯುರಾಟಮ್ ಸುರಕ್ಷತಾ ನಿರ್ದೇಶನ ಎಲ್ಲರಿಗೂ ಸಾಮಾನ್ಯ ಚೌಕಟ್ಟು ಹಾಕಿತು. ಫುಕುಶಿಮಾ ದುರಂತದ ಬಳಿಕ, 2014ರಲ್ಲಿ ಅದನ್ನು ಬಿಗಿ ಮಾಡಲಾಯಿತು. ಪರವಾನಗಿ ಕೊಡುವುದು, ನಿಲ್ಲಿಸುವುದು ಮಾತ್ರ ಆಯಾ ದೇಶದ ಕೆಲಸ.

ಇದು ಲಾಭದ ಮೇಲೆ ಹೇಗೆ ಬೀಳುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಇಡಿಎಫ್ ಒಳ್ಳೆಯ ಪಾಠ. ಅಲ್ಲಿ ಪ್ರತಿ ರಿಯಾಕ್ಟರಿಗೂ ಹತ್ತು ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಕಡ್ಡಾಯ. 2021ರ ಕೊನೆಯಲ್ಲಿ ಸಿವೋ ಸ್ಥಾವರದ ಇಂಥ ತಪಾಸಣೆಯಲ್ಲಿ, ಸುರಕ್ಷತಾ ಪೈಪುಗಳ ಬೆಸುಗೆಯ ಬಳಿ ಬಿರುಕು ಕಂಡವು. ಫ್ರಾನ್ಸಿನ ರಿಯಾಕ್ಟರುಗಳು ಕೆಲವೇ ವಿನ್ಯಾಸಗಳವು. ಹಾಗಾಗಿ ಒಂದರಲ್ಲಿ ಕಂಡ ದೋಷ ಉಳಿದವುಗಳ ಮೇಲೂ ಅನುಮಾನ ತಂದಿತು. ಮಾಮೂಲಿ ದುರಸ್ತಿಯೂ ಸೇರಿ 2022ರ ಆಗಸ್ಟ್ ಕೊನೆಗೆ 56ರಲ್ಲಿ 32 ರಿಯಾಕ್ಟರುಗಳು ನಿಂತಿದ್ದವು.

2021ರಲ್ಲಿ ಸುಮಾರು 36,100 ಕೋಟಿ ಯೂನಿಟ್ ಇದ್ದ ಅಣು ಉತ್ಪಾದನೆ ಮರುವರ್ಷ 27,900 ಕೋಟಿಗೆ ಇಳಿಯಿತು. ಅದೇ ವರ್ಷ ರಷ್ಯಾದ ಗ್ಯಾಸ್ ಬಿಕ್ಕಟ್ಟು, ವಿದ್ಯುತ್ ದರ ಗಗನಕ್ಕೆ. ಮಾರಬೇಕಾದ ಕಂಪನಿ ಮಾರುಕಟ್ಟೆಯಲ್ಲಿ ಕೊಳ್ಳಬೇಕಾಯಿತು. ಜೊತೆಗೆ, ಅಗ್ಗಕ್ಕೆ ಮಾರಿ ಅಂತ ಸರ್ಕಾರದ ಆದೇಶ. 2022ರ ನಷ್ಟ 1,790 ಕೋಟಿ ಯೂರೋ! 2005ರಲ್ಲಿ ಸಾಮಾನ್ಯ ಹೂಡಿಕೆದಾರರು 32 ಯೂರೋ ಕೊಟ್ಟು ಕೊಂಡಿದ್ದ ಷೇರನ್ನು ಸರ್ಕಾರ 12 ಯೂರೋ ಕೊಟ್ಟು ವಾಪಸ್ ಪಡೆಯಿತು. 2023ರಿಂದ ಇಡಿಎಫ್ ಪೂರ್ತಿ ಸರ್ಕಾರದ್ದೇ.

ಹಾಗಂತ ಕಟ್ಟುನಿಟ್ಟಿನ ನಿಯಂತ್ರಕರು ಹೂಡಿಕೆದಾರರ ಶತ್ರುಗಳಲ್ಲ. ನಿಂತ ರಿಯಾಕ್ಟರ್ ಒಂದೆರಡು ವರ್ಷದ ಲಾಭ ತಿನ್ನುತ್ತದೆ, ಅಪಘಾತ ಕಂಪನಿಯನ್ನೇ ನುಂಗುತ್ತದೆ. ಫುಕುಶಿಮಾ ನಡೆಸುತ್ತಿದ್ದ ಟೆಪ್ಕೊ ಮರುವರ್ಷವೇ ಜಪಾನ್ ಸರ್ಕಾರದ ಹಿಡಿತಕ್ಕೆ ಹೋಯಿತು.

ಹಾಗಾಗಿ ಇಂಥ ಕಂಪನಿಯ ಷೇರಾಗಲಿ, ಬಾಂಡ್ ಆಗಲಿ, ಕೊಳ್ಳುವ ಮುನ್ನ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಮೂರು:

1. ಎಷ್ಟು ರಿಯಾಕ್ಟರುಗಳು ಒಂದೇ ವಿನ್ಯಾಸದವು?
2. ಮುಂದಿನ ದೊಡ್ಡ ತಪಾಸಣೆ ಯಾವಾಗ?
3. ಮಾರುವ ದರ ನಿರ್ಧರಿಸುವುದು ಕಂಪನಿಯೋ, ಸರ್ಕಾರವೋ?

ಮೂರಕ್ಕೂ ವಾರ್ಷಿಕ ವರದಿಯಲ್ಲಿ ಸ್ಪಷ್ಟ ಉತ್ತರ ಸಿಗದಿದ್ದರೆ, ಡಿವಿಡೆಂಡ್ ಎಷ್ಟೇ ಆಕರ್ಷಕವಾಗಿದ್ದರೂ ನಾನು ಆ ಕಡೆ ಹೋಗುವುದಿಲ್ಲ.