ಬಮೆಂಡಾ: ಬಂದ್ ಗೆದ್ದ ಊರು, ಕೈತಪ್ಪಿದ ಸಂಸತ್ತು

ಕ್ಯಾಮರೂನ್ ದೇಶದ ವಾಯವ್ಯ ಬೆಟ್ಟಸೀಮೆಯ ದೊಡ್ಡ ಊರು ಬಮೆಂಡಾ. ಕಡಿದಾದ ದಿಬ್ಬದ ಮೇಲೆ ಅಪ್ ಸ್ಟೇಷನ್, ಅಂದರೆ ಜರ್ಮನ್ನರು ಕೋಟೆ ಕಟ್ಟಿ, ಆಮೇಲೆ ಬ್ರಿಟಿಷರು ಆಳಿದ ಜಾಗ. ಕೆಳಗೆ ಕಮರ್ಷಿಯಲ್ ಅವೆನ್ಯೂ, ಅಂಗಡಿಸಾಲು, ಟ್ಯಾಕ್ಸಿ ಗದ್ದಲ. ಇಂಗ್ಲಿಷರ ಕೈಲಿದ್ದ ಈ ಸೀಮೆ 1961ರ ಜನಮತಗಣನೆಯ ನಂತರ ಹಿಂದೆ ಫ್ರೆಂಚ್ ಆಡಳಿತದಲ್ಲಿದ್ದ ಕ್ಯಾಮರೂನನ್ನು ಸೇರಿತು. ಏಕಪಕ್ಷ ಆಡಳಿತಕ್ಕೆ ಸವಾಲು ಹಾಕಿ 1990ರ ಮೇ 26ರಂದು ಪುಸ್ತಕ ವ್ಯಾಪಾರಿ ಜಾನ್ ಫ್ರು ಎನ್‌ಡಿ ಸೋಷಿಯಲ್ ಡೆಮಾಕ್ರಟಿಕ್ ಫ್ರಂಟ್ (ಎಸ್‌ಡಿಎಫ್) ಪಕ್ಷವನ್ನು ಘೋಷಿಸಿದ್ದು ಇಲ್ಲೇ. ಅಂದು ಆರು ಮಂದಿ ಸತ್ತರು. ಗುಂಡಿಗಲ್ಲ, ಕಾಲ್ತುಳಿತಕ್ಕೆ ಎಂದಿತು ಸರ್ಕಾರ, ಊರು ನಂಬಲಿಲ್ಲ. ಆ ವರ್ಷದ ಕೊನೆಗೆ ಬಹುಪಕ್ಷ ಕಾನೂನು ಬಂತು.

ಬಮೆಂಡಾ ಕಲಿತ ಅಸ್ತ್ರ ಅಸಹಕಾರ. 1991ರಲ್ಲಿ ವಿರೋಧ ಪಕ್ಷಗಳು ಕರೆ ಕೊಟ್ಟ 'ಘೋಸ್ಟ್ ಟೌನ್' ಚಳವಳಿಗೆ ನಮ್ಮಲ್ಲಿನ ಹೆಸರು ಬಂದ್. ಅಂಗಡಿ ಬಾಗಿಲು ಹಾಕಿ, ಟ್ಯಾಕ್ಸಿ ನಿಲ್ಲಿಸಿ ಅದು ಸರ್ಕಾರವನ್ನು ನಡುಗಿಸಿತು. ಆದರೆ ಅದೇ ಅಸ್ತ್ರವನ್ನು ಮತಪೆಟ್ಟಿಗೆಯ ಮೇಲೂ ಪ್ರಯೋಗಿಸಿದ್ದು ದುಬಾರಿಯಾಯಿತೆಂದೇ ನನ್ನ ವಾದ. 1992ರ ಮಾರ್ಚ್ 1ರ ಸಂಸತ್ ಚುನಾವಣೆಯನ್ನು ಎಸ್‌ಡಿಎಫ್ ಬಹಿಷ್ಕರಿಸಿತು. 180 ಸ್ಥಾನಗಳಲ್ಲಿ ಅಧ್ಯಕ್ಷ ಪಾಲ್ ಬಿಯಾ ಅವರ ಆಳುವ ಪಕ್ಷಕ್ಕೆ ಸಿಕ್ಕಿದ್ದು 88; ಬಹುಮತಕ್ಕೆ ಬೇಕಿದ್ದುದು 91. ಉಳಿದ ಪಕ್ಷಗಳಲ್ಲಿ ಯುಎನ್‌ಡಿಪಿ 68, ಯುಪಿಸಿ 18, ಎಂಡಿಆರ್ ಆರು ಗೆದ್ದವು. ಆ ಆರು ಮಂದಿಯನ್ನು ಸೆಳೆದುಕೊಂಡು ಬಿಯಾ ಪಕ್ಷ ದಡ ಸೇರಿತು.

ಸ್ವತಂತ್ರ ಚುನಾವಣಾ ಆಯೋಗವೇ ಇಲ್ಲದ ಕಡೆ ಸ್ಪರ್ಧಿಸುವುದೆಂದರೆ ಮೋಸಕ್ಕೆ ಮುದ್ರೆ ಒತ್ತಿದಂತಲ್ಲವೇ? ಬಲವಾದ ಆಕ್ಷೇಪ. ಅದೇ ಅಕ್ಟೋಬರಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಬಿಯಾಗೆ ಸುಮಾರು ಶೇ. 40, ಫ್ರು ಎನ್‌ಡಿಗೆ ಸುಮಾರು ಶೇ. 36 ಮತ ಎಂದು ಘೋಷಣೆಯಾಗಿ, ಅಕ್ರಮದ ಕೂಗೆದ್ದಾಗ ಬಮೆಂಡಾಕ್ಕೆ ಬಂದದ್ದು ತುರ್ತು ಪರಿಸ್ಥಿತಿ, ನಾಯಕರಿಗೆ ಗೃಹಬಂಧನ. ಆದರೆ ಅಧ್ಯಕ್ಷ ಹುದ್ದೆ ಒಂದೇ, ಮತ ಒಟ್ಟುಗೂಡಿಸುವುದೂ ರಾಜಧಾನಿಯಲ್ಲಿ. ಸಂಸತ್ತಿನ ಸ್ಥಾನಗಳು ಊರೂರಿಗೆ ಹಂಚಿಹೋಗಿವೆ. ಅದೇ ಕೆಟ್ಟ ನಿಯಮದಡಿಯೇ ಆಳುವ ಪಕ್ಷಕ್ಕೆ ಮೂರು ಸ್ಥಾನ ಕಡಿಮೆ ಬಿದ್ದಿತ್ತಲ್ಲ! ಬಮೆಂಡಾ ಸುತ್ತಲಿನ ಕ್ಷೇತ್ರಗಳಲ್ಲಿ ಎಸ್‌ಡಿಎಫ್ ನಿಂತಿದ್ದರೆ ಆ ಆರರ ಆಸರೆಯೂ ಸಾಲುತ್ತಿರಲಿಲ್ಲ. 1997ರಲ್ಲಿ ಕಣಕ್ಕಿಳಿದು ಅದು 43 ಗೆದ್ದಿತು, ನಿಜ; ಅಷ್ಟರಲ್ಲಿ ಬಿಯಾ ಪಕ್ಷಕ್ಕೆ ಸ್ವಂತ ಬಹುಮತವಿತ್ತು.

ಬಂದ್‌ನ ಅಸ್ತ್ರ ಮತ್ತೆ ಮರಳಿತು: 2016ರಲ್ಲಿ ಇಂಗ್ಲಿಷ್ ಭಾಷಿಕ ಪ್ರದೇಶಗಳ ವಕೀಲರು, ಶಿಕ್ಷಕರು ಆರಂಭಿಸಿದ ಹೋರಾಟ ಸಶಸ್ತ್ರ ಸಂಘರ್ಷವಾಗಿ, ಸೋಮವಾರದ ಬಂದ್ ವಾಡಿಕೆಯಾಯಿತು. 2020ರ ಫೆಬ್ರವರಿಯ ಸಂಸತ್ ಚುನಾವಣೆಯಲ್ಲಿ, ಈ ಪ್ರದೇಶಗಳು ಬೇರೆ ದೇಶವಾಗಬೇಕೆನ್ನುವ ಪ್ರತ್ಯೇಕತಾವಾದಿಗಳು ಮತದಾನವನ್ನೇ ನಿಷೇಧಿಸಿದರು. ಇಂಗ್ಲಿಷ್ ಭಾಷಿಕ ಪ್ರದೇಶಗಳ 11 ಕ್ಷೇತ್ರಗಳ ಫಲಿತಾಂಶ ರದ್ದಾಗಿ, ಮಾರ್ಚಿನಲ್ಲಿ ಮರುಮತದಾನ ನಡೆಯಿತು. ಅಲ್ಲಿನ 13 ಸ್ಥಾನಗಳೂ ಆಳುವ ಪಕ್ಷದ ಪಾಲಾದವು. ಅದರ ಬಲ 152ಕ್ಕೆ ಏರಿತು; ಬಮೆಂಡಾದಲ್ಲಿ ಹುಟ್ಟಿದ ಪಕ್ಷಕ್ಕೆ ಉಳಿದದ್ದು ಐದು.